ಎರಡನೇ ಭಾನುವಾರ

“ಹಕ್ಕಿ ನೋಡಲು ಲಾಲ್‌ಬಾಗ್ ತನಕ ಹೋಗಬೇಕೇ? ಹಿತ್ತಲ ನುಗ್ಗೆಮರದಲ್ಲಿ ಇಲ್ಲವೇ?” ಎಂದರು ಅತ್ತೆ. ಒಂಬತ್ತನೇ ತರಗತಿಯ ಮಗಳು ಮುಖ ಊದಿಸಿಕೊಂಡು ಕುಳಿತಳು. ಭಾನುವಾರ ಬೆಳಕು ಹರಿಯುವ ಮೊದಲೇ ಬ್ಯಾಟು ಹಿಡಿದು ಹೊರಡುವ ಮಗನನ್ನು ಎಲ್ಲಿಗೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಕೊನೆಗೆ “ಉಮ್ಮನೂ ಜೊತೆಗೆ ಹೋಗುವುದಾದರೆ ಹೋಗಲಿ” ಎಂದು ತೀರ್ಮಾನವಾಯಿತು. ಸುಬಹ್ ನಮಾಝ್ ಮುಗಿಸಿ, ಬೆಳಗಿನ ತಿಂಡಿ ಮಾಡಿಟ್ಟು ನಾನೂ ಹೊರಟೆ.

ಬೆಂಗಳೂರಿನ ಹಕ್ಕಿ ವೀಕ್ಷಕರು ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ವಾಡಿಕೆ 1970ರ ದಶಕದಿಂದ ಬಂದದ್ದು. ಡಾ. ಜೋಸೆಫ್ ಜಾರ್ಜ್ ಅದಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಈ ಸುತ್ತಾಟಕ್ಕೆ ಶುಲ್ಕವಿಲ್ಲ. ದುರ್ಬೀನು ಇಲ್ಲದವರಿಗೆ ಪಕ್ಕದವರೇ ತಮ್ಮದನ್ನು ಕೊಡುತ್ತಾರೆ. ಬುರ್ಖಾ ಧರಿಸಿ ಅಪರಿಚಿತರ ನಡುವೆ ಹೋಗುವುದು ಹೇಗೋ ಎಂದು ನಾನು ಅಳುಕುತ್ತಿದ್ದೆ. ಅಲ್ಲಿ ನೋಡಿದರೆ, ಕಣ್ಣು ಕುಕ್ಕುವ ಬಣ್ಣ ತೊಡಬೇಡಿ, ಹಕ್ಕಿಗಳು ಬೆದರುತ್ತವೆ ಎಂದು ಒಬ್ಬರು ಯುವಕರಿಗೆ ಬುದ್ಧಿ ಹೇಳುತ್ತಿದ್ದರು!

ಮರದ ಮೇಲೆ ಕಂದು ಮೈಯಲ್ಲಿ ಬಿಳಿ ಚುಕ್ಕೆಗಳಿದ್ದ ಒಂದು ಹಕ್ಕಿ ಕೂತಿತ್ತು. ಯಾವುದೆಂದು ಕೇಳಿದೆ. ಕೋಗಿಲೆ, ಹೆಣ್ಣು ಎಂದರು. ‘ಕುಹೂ’ ಎಂದು ಹಾಡುವುದು ಕಪ್ಪು ಬಣ್ಣದ ಗಂಡು. ನಲವತ್ತಾರು ವರ್ಷ ಕೋಗಿಲೆಯ ಹಾಡು ಕೇಳಿದ ನನಗೆ ಅದು ಗೊತ್ತೇ ಇರಲಿಲ್ಲ.

ದೇಶದ ಹಕ್ಕಿಗಳನ್ನು ನಮಗೆ ಪರಿಚಯಿಸಿದ ಸಲೀಂ ಅಲಿಯವರಿಗೂ ಯಾರೋ ಒಬ್ಬರು ತೋರಿಸಿಕೊಟ್ಟೇ ಶುರುವಾದದ್ದು. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಎಳವೆಯಲ್ಲೇ ಅನಾಥರಾಗಿ, ಸೋದರಮಾವನ ಮನೆಯಲ್ಲಿ ಬೆಳೆದವರು. ಬಾಲಕನಾಗಿದ್ದಾಗ ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಮಾವನ ಮಾತಿನಂತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದರು. ಅಲ್ಲಿನ ಮಿಲ್ಲರ್ಡ್ ಎಂಬವರು ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಕಪಾಟುಗಳನ್ನು ತೆರೆದು ಒಂದೊಂದೇ ಹಕ್ಕಿ ತೋರಿಸಿದರು.

ಅವರ ಪತ್ನಿ ತೆಹ್ಮಿನಾ ಕಾಡುಮೇಡಿನ ಅಲೆದಾಟದಲ್ಲೂ ಜೊತೆಗಿದ್ದರು, 1939ರಲ್ಲಿ ತೀರಿಕೊಂಡರು. ಅಲಿಯವರು ಕಿಹಿಮ್ ಎಂಬ ಕಡಲತೀರದ ಊರಲ್ಲಿ ಗೀಜಗದ ಸಂಸಾರವನ್ನು ಕೂತು ನೋಡಿ, ಅದನ್ನು ಬರೆದು ಪ್ರಕಟಿಸಿದರು. ಗಂಡು ಗೂಡನ್ನು ಅರ್ಧಕ್ಕೆ ಹೆಣೆದು ಕಾಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಉಳಿದರ್ಧ! ಹೆಣ್ಣು ಕಾವಿಗೆ ಕೂತ ಮೇಲೆ ಈ ಮಹಾಶಯ ಇನ್ನೊಂದು ಗೂಡಿಗೆ ಹುಲ್ಲು ಹೊರುತ್ತಾನೆ ಎಂಬುದನ್ನು ನಾನು ಅತ್ತೆಗೆ ಹೇಳಲಿಲ್ಲ.

ಅತ್ತೆಯ ಮಂಡಿನೋವಿಗೆ ಲಾಲ್‌ಬಾಗ್ ದೂರ. ಆದರೆ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಗಣತಿಗೆ ಮನೆ ಬಿಟ್ಟು ಹೊರಡಬೇಕಾಗಿಲ್ಲ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಇದು 2013ರಿಂದ ಜಗತ್ತಿನೆಲ್ಲೆಡೆ ಇದೆ. ಕನಿಷ್ಠ ಹದಿನೈದು ನಿಮಿಷ ಒಂದೆಡೆ ಕೂತು, ಕಂಡ ಹಕ್ಕಿಗಳನ್ನು ಎಣಿಸಿ ‘ಈಬರ್ಡ್’ನಲ್ಲಿ ಮೊಬೈಲಿನಿಂದಲೇ ದಾಖಲಿಸಿದರಾಯಿತು. ಇದೂ ಉಚಿತ. ಒಲೆಯ ಮೇಲೆ ಅನ್ನ ಬೇಯುವಷ್ಟೇ ಹೊತ್ತು.

ಈ ವರ್ಷ ಮಗಳು ಹಿತ್ತಲಲ್ಲಿ ಅಜ್ಜಿಗೆ ಕುರ್ಚಿ ಹಾಕಿದಳು. “ಕಾಗೆ, ನಾಲ್ಕು” ಎಂದು ಬರೆಯಹೊರಟವಳನ್ನು ಅತ್ತೆ ತಡೆದರು.

“ನಾಲ್ಕೂ ಒಂದೇ ಜಾತಿಯೇನೇ? ಮೂರರ ಕತ್ತು ಬೂದಿ ಬಣ್ಣ, ಅದು ಊರಕಾಗೆ. ಆ ಪೂರಾ ಕರಿಯದು ಕಾಡುಕಾಗೆ.”

ಮಗಳು ಹೊಡೆದುಹಾಕಿ ಮತ್ತೆ ಬರೆದಳು. ಗೊರವಂಕ, ಪಿಕಳಾರ, ಎಲ್ಲೋ ಅಡಗಿ ಗೂಂ ಗೂಂ ಎನ್ನುತ್ತಿದ್ದ ಕೆಂಬೂತ. ಹದಿನೈದು ನಿಮಿಷದಲ್ಲಿ ಒಂಬತ್ತು ಬಗೆ, ಅದರಲ್ಲಿ ಆರು ಅತ್ತೆಯದೇ.

ರಾತ್ರಿ ಮಂಡಿಗೆ ಎಣ್ಣೆ ಹಚ್ಚುತ್ತಿದ್ದಾಗ ಅತ್ತೆ ಕೇಳಿದರು, “ಆ ಲಾಲ್‌ಬಾಗ್‌ನಲ್ಲಿ ಕೂರಲು ಬೆಂಚು ಇದೆಯೇನಮ್ಮಾ?”