ಮರಿ ತಾನಾಗಿ ಹೊರಬರಲಿ

ಕೋಳಿ ಮೊಟ್ಟೆಯಿಂದ ಮರಿ ಬರಲು ಎಷ್ಟು ದಿನ ಬೇಕು ಎಂದು ಕೇಳಿದರೆ ಆರನೇ ತರಗತಿಯ ಹುಡುಗರು ಥಟ್ಟನೆ ಇಪ್ಪತ್ತೊಂದು ದಿನ ಎನ್ನುತ್ತಾರೆ. ಉತ್ತರ ಸರಿ, ಒಂದು ಅಂಕ ಕೊಡಬಹುದು. ಆದರೆ ಆ 21 ದಿನ ಎಷ್ಟು ಉದ್ದ ಎಂಬುದು ಮಾತ್ರ ಕಾವಿಗೆ ಕೂತ ಹೇಂಟೆಯಿರುವ ಮನೆಯಲ್ಲಿ ರಜೆ ಕಳೆದ ಮಗುವಿಗೇ ಗೊತ್ತು.

ನಮ್ಮದು ಮಲೆನಾಡಿನ ಸಣ್ಣ ಹಿಡುವಳಿ. ಒಂದಿಷ್ಟು ಅಡಿಕೆ, ಹಿತ್ತಲಲ್ಲಿ ತರಕಾರಿ, ಹತ್ತು ಹನ್ನೆರಡು ನಾಟಿ ಕೋಳಿ. ಜಗಲಿಯ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಗಪ್ಪಿ ಮೀನು. ಕೋಳಿಗಳದ್ದು ಪೂರ್ತಿ ನನ್ನ ಹೆಂಡತಿಯ ಕಾರುಬಾರು. ಮೀನು ರಜೆಗೆ ಬರುವ ತಂಗಿಯ ಮಗನದು. ಅವನು ಊರಿಗೆ ಹೋದ ಮೇಲೆ ನನ್ನದು.

ಈ ಸಲ ಅವನು ಬಂದ ಮಾರನೆಯ ದಿನವೇ ಹೇಂಟೆಯೊಂದನ್ನು ಕಾವಿಗೆ ಕೂರಿಸಿದೆವು. ಹಳೆಯ ಮಂಕರಿಗೆ ಒಣಹುಲ್ಲು ಹಾಸಿ ಹನ್ನೊಂದು ಮೊಟ್ಟೆ ಇಟ್ಟಾಯಿತು. ಪ್ರತಿ ಮೊಟ್ಟೆಗೂ ಇದ್ದಿಲಿನಿಂದ ಒಂದು ಗೆರೆ. ಬೇರೆ ಹೇಂಟೆ ಬಂದು ನಡುವೆ ಮೊಟ್ಟೆಯಿಟ್ಟು ಹೋದರೆ ಗುರುತು ಸಿಗಬೇಕಲ್ಲ! ಕಾವಿನ ಕೋಳಿಯ ಗತ್ತೇ ಬೇರೆ. ಪುಕ್ಕ ಕೆದರಿಕೊಂಡು ಚಪ್ಪಟೆಯಾಗಿ ಕೂತಿರುತ್ತದೆ, ಹತ್ತಿರ ಹೋದರೆ ಕೊರ್ ಎನ್ನುತ್ತದೆ, ಕೈ ಚಾಚಿದರೆ ಕುಕ್ಕುತ್ತದೆ. ದಿನಕ್ಕೊಮ್ಮೆ ಎದ್ದು, ಒಂದಿಷ್ಟು ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಾಡಿ ಕಾಲು ಗಂಟೆಯೊಳಗೆ ವಾಪಸು. ಗಡಿಯಾರವಿಲ್ಲದೆ ಅದು ಪಾಲಿಸುವ ಹೊತ್ತನ್ನು ನೋಡಿ ನಮ್ಮ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದ.

ಇನ್ನೊಂದನ್ನೂ ಅವನು ಕಂಡ. ಹೇಂಟೆ ಕೂತಲ್ಲೇ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ, ಅಂಚಿನವನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಮೊಟ್ಟೆಯನ್ನು ಒಂದೇ ಮಗ್ಗುಲಿಗೆ ಬಿಟ್ಟರೆ ಬೆಳೆಯುತ್ತಿರುವ ಭ್ರೂಣ ಚಿಪ್ಪಿನೊಳಗಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ದೊಡ್ಡ ಫಾರಂಗಳ ಮರಿ ಮಾಡುವ ಯಂತ್ರಗಳು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು, ಗಂಟೆಗೊಮ್ಮೆ ಮೊಟ್ಟೆಗಳನ್ನು ವಾಲಿಸುವುದೂ ಇದೇ ಕಾರಣಕ್ಕೆ. ಯಂತ್ರ ಕಲಿತದ್ದು ಹೇಂಟೆಯಿಂದ; ಹೇಂಟೆ ಕಲಿತದ್ದು ಎಲ್ಲಿಂದ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಏಳನೆಯ ರಾತ್ರಿ ಕತ್ತಲೆ ಕೋಣೆಯಲ್ಲಿ ಟಾರ್ಚಿನ ಮುಖಕ್ಕೆ ಮೊಟ್ಟೆಯ ದಪ್ಪ ತುದಿಯನ್ನು ಹಿಡಿದು ನೋಡಿದೆವು. ಇದನ್ನು ಮಕ್ಕಳಿಗೆ ಒಮ್ಮೆಯಾದರೂ ತೋರಿಸಿ. ಕೆಂಪು ಜೇಡದಂತೆ ನಡುವೆ ಒಂದು ಚುಕ್ಕೆ, ಸುತ್ತ ಹರಡಿದ ನರಗಳು, ಒಮ್ಮೊಮ್ಮೆ ಚುಕ್ಕೆ ಅಲುಗಿದಂತೆಯೂ ಕಾಣುತ್ತದೆ. ಎರಡು ಮೊಟ್ಟೆ ಮಾತ್ರ ತಿಳಿಯಾಗಿ ಬೆಳಗಿದವು, ಅವುಗಳಲ್ಲಿ ಮರಿ ಕಟ್ಟಿರಲಿಲ್ಲ. ತೆಗೆದಿಟ್ಟೆವು. ಉಳಿದದ್ದು ಒಂಬತ್ತು.

ಅಸಲು ಪರೀಕ್ಷೆ ಬಂದದ್ದು ಇಪ್ಪತ್ತನೆಯ ದಿನ, ಅದೂ ಕೋಳಿಗಲ್ಲ, ಮನುಷ್ಯರಿಗೆ. ಬೆಳಿಗ್ಗೆ ಮೊಟ್ಟೆಯೊಳಗಿಂದಲೇ ಚಿಂವ್ ಚಿಂವ್ ಕೇಳಿಸಿತು. ಮಧ್ಯಾಹ್ನ ಒಂದು ಮೊಟ್ಟೆಯ ಮೇಲೆ ಸಾಸಿವೆಯಷ್ಟು ಬಿರುಕು. ಸಂಜೆಯಾದರೂ ಅದು ಸಾಸಿವೆಯಷ್ಟೇ. ಹುಡುಗ ಮಂಕರಿ ಬಿಟ್ಟು ಏಳಲಿಲ್ಲ.

“ಮಾವ, ಪಾಪ, ಅದಕ್ಕೆ ಆಗ್ತಾ ಇಲ್ಲ. ಸ್ವಲ್ಪ ಚಿಪ್ಪು ತೆಗೀಲಾ?”

ತಂಗಿಯೂ ದನಿಗೂಡಿಸಿದಳು. “ಒಂಚೂರು ಬಿಡಿಸಿದ್ರೆ ಏನಾಗುತ್ತೆ ಅಣ್ಣ? ನೋಡೋಕೇ ಆಗಲ್ಲ.”

ನನ್ನ ಹೆಂಡತಿ ಅಡಿಗೆಮನೆಯಿಂದಲೇ ಹೇಳಿದಳು: “ಯಾರೂ ಕೈ ಹಾಕಬೇಡಿ.”

ಆಕೆಯದ್ದು ಅನುಭವದ ಮಾತು. ಅದರ ಹಿಂದಿನ ಕಾರಣ ಇಷ್ಟು. ಚಿಪ್ಪಿನ ಒಳಮೈಗೆ ಒತ್ತಿಕೊಂಡ ತೆಳುಪೊರೆಯಲ್ಲಿ ರಕ್ತನಾಳಗಳ ಬಲೆಯಿದೆ. ಅಷ್ಟು ದಿನವೂ ಮರಿ ಉಸಿರಾಡಿದ್ದು ಅದರ ಮೂಲಕ. ಕೊನೆಗೆ ಮರಿ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಚೀಲಕ್ಕೆ ಕೊಕ್ಕು ತೂರಿಸಿ ಮೊದಲ ಸಲ ಶ್ವಾಸಕೋಶದಿಂದ ಉಸಿರೆಳೆದುಕೊಳ್ಳುತ್ತದೆ. ನಮಗೆ ಕೇಳಿದ ಚಿಂವ್ ಆ ಉಸಿರಿನದು. ಆಮೇಲೆ ಚಿಪ್ಪಿನಲ್ಲಿ ಸಣ್ಣ ತೂತು. ತೂತಾದ ಮೇಲೆ ಮರಿ ಸುಮ್ಮನಾದಂತೆ ಕಂಡರೂ ಒಳಗೆ ದೊಡ್ಡ ಕೆಲಸ ನಡೆಯುತ್ತಿರುತ್ತದೆ. ಪೊರೆಯ ನಾಳಗಳಲ್ಲಿದ್ದ ರಕ್ತ ಮೈಯೊಳಕ್ಕೆ ಸೇರಬೇಕು, ಉಳಿದ ಹಳದಿ ಭಂಡಾರ ಹೊಟ್ಟೆಯೊಳಕ್ಕೆ ಹೋಗಿ ಹೊಕ್ಕುಳು ಮುಚ್ಚಬೇಕು. ಇದಕ್ಕೆ ಅರ್ಧ ದಿನವೂ ಆಗಬಹುದು, ಒಂದು ದಿನವೂ ಆಗಬಹುದು. ಅಷ್ಟರೊಳಗೆ ನಾವು ಉಗುರಿನಿಂದ ಚಿಪ್ಪು ಎಬ್ಬಿಸಿದರೆ ಹರಿಯುವುದು ರಕ್ತನಾಳ. ಒಳಕ್ಕೆ ಹೋದ ಆ ಹಳದಿಯ ಬಲದಿಂದಲೇ ಮರಿ ಎರಡು ಮೂರು ದಿನ ಏನೂ ತಿನ್ನದೆ ಬದುಕಬಲ್ಲದು. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ದೂರದೂರಿಗೆ ಕಳಿಸಲು ಸಾಧ್ಯವಾಗುವುದೂ ಇದರಿಂದಲೇ.

ಮಾರನೆಯ ದಿನ ಸಂಜೆಯೊಳಗೆ ಎಂಟು ಮರಿ ಹೊರಬಂದವು. ಒಂಬತ್ತನೆಯದು ತೂತು ಮಾಡಿ ಅಲ್ಲೇ ನಿಂತಿತು. ಅದರ ಮರುದಿನ ದನಿಯೂ ನಿಂತಿತು.

“ನಾನು ಚಿಪ್ಪು ತೆಗೆದಿದ್ರೆ ಬದುಕ್ತಿತ್ತಾ ಮಾವ?” ಎಂದು ಹುಡುಗ ಕೇಳಿದ. ಇಲ್ಲ ಎಂದುಬಿಡುವುದು ಸುಲಭವಿತ್ತು. ಬದುಕುತ್ತಿತ್ತೋ ಏನೋ, ಹೇಳಲಾರೆ. ಆದರೆ ಎಲ್ಲ ಮೊಟ್ಟೆಗೂ ಹಾಗೆ ಕೈ ಹಾಕಿದ್ದರೆ ಎಂಟರಲ್ಲಿ ಎಷ್ಟು ಉಳಿಯುತ್ತಿದ್ದವೋ ಅದನ್ನೂ ಹೇಳಲಾರೆ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಆಗಬೇಕೆಂದೂ ನನಗೆ ಅನ್ನಿಸಲಿಲ್ಲ. ಹಿತ್ತಲಿನ ಕರಿಬೇವಿನ ಬುಡದಲ್ಲಿ ಅದನ್ನು ಅವನೇ ಹೂತು ಬಂದ.

ಇಲ್ಲಿ ಪಾಲಕರಿಗೆ ಒಂದು ಮಾತು. ಪೇಟೆಯ ಮನೆಗಳಲ್ಲಿ ಮೀನು ಸತ್ತರೆ, ಮಗು ಶಾಲೆಯಿಂದ ಬರುವುದರೊಳಗೆ ಅದೇ ಬಣ್ಣದ ಇನ್ನೊಂದನ್ನು ತಂದು ಬಿಡುವ ಅಪ್ಪಂದಿರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಮೀನು ಯಾಕೆ ಸತ್ತಿತು ಎಂದು ಕೇಳುವ ಅವಕಾಶವೇ ಮಗುವಿಗೆ ತಪ್ಪಿಹೋಗುತ್ತದೆ, ಎರಡನೆಯ ಮೀನೂ ಅದೇ ಕಾರಣಕ್ಕೆ ಸಾಯುತ್ತದೆ. ಹಳ್ಳಿಯಲ್ಲೂ ಇದರ ಇನ್ನೊಂದು ರೂಪವಿದೆ. ಮಗು ಹೆಸರಿಟ್ಟು ಸಾಕಿದ ಹುಂಜವನ್ನು ನೆಂಟರು ಬಂದ ದಿನ ಕೊಯ್ದು, ‘ನರಿ ಹೊತ್ತುಕೊಂಡು ಹೋಯಿತು’ ಎನ್ನುವುದು! ಸಾರಿನ ಪರಿಮಳ ಮಕ್ಕಳ ಮೂಗಿಗೂ ಬರುತ್ತದೆ ಎಂಬುದನ್ನು ದೊಡ್ಡವರು ಮರೆಯುತ್ತಾರೆ. ಮಾರುವ ಕೋಳಿ ಯಾವುದು, ಉಳಿಸುವ ಕೋಳಿ ಯಾವುದು ಎಂದು ಮೊದಲೇ ಹೇಳಿಬಿಟ್ಟರೆ ಮಗು ಒಂದು ದಿನ ಅತ್ತೀತು. ಆದರೆ ನಿಮ್ಮ ಮಾತನ್ನು ಮುಂದೆಯೂ ನಂಬೀತು.

ಮೀನಿನ ವಿಷಯಕ್ಕೆ ಬರೋಣ. ಗಾಜಿನ ತೊಟ್ಟಿಯ ಮೀನು ಹಸಿವಿನಿಂದ ಸಾಯುವುದು ಅಪರೂಪ, ಪ್ರೀತಿಯಿಂದ ಸಾಯುವುದೇ ಹೆಚ್ಚು. ಅಜ್ಜಿ ಒಂದು ಚಿಟಿಕೆ, ಅಮ್ಮ ಒಂದು ಚಿಟಿಕೆ, ಬಂದ ನೆಂಟರ ಮಗು ಒಂದು ಮುಷ್ಟಿ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಮೀನಿಗೆ ಅದು ವಿಷ. ತೊಟ್ಟಿಯ ಕಲ್ಲು, ಮರಳುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಕೆಲವು ವಾರ ಬೇಕು. ಸ್ವಚ್ಛತೆಯ ಹುಮ್ಮಸ್ಸಿನಲ್ಲಿ ಕಲ್ಲುಗಳನ್ನೆಲ್ಲ ಸೋಪಿನಲ್ಲಿ ತಿಕ್ಕಿ, ನೀರನ್ನು ಪೂರ್ತಿ ಚೆಲ್ಲಿ ಹೊಸದು ತುಂಬಿದರೆ ಈ ಕಾಣದ ಸೇವಕರು ಹೋದಂತೆಯೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಿ. ತೆಗೆದ ನೀರನ್ನು ಬದನೆ ಗಿಡಕ್ಕೆ ಹಾಕಿ ನೋಡಿ. ಆಹಾರ ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ.

ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ಸುಮಾರು ತಿಂಗಳಿಗೊಮ್ಮೆ. ಆಮೇಲೆ ಸಿಕ್ಕಿದ ಮರಿಗಳನ್ನು ತಾನೇ ತಿನ್ನುತ್ತದೆ! ನಾಯಿಯ ಮುಖಕ್ಕೇ ಹಾರಿ ಮರಿ ಕಾಯುವ ಹೇಂಟೆಯನ್ನು ಬೆಳಿಗ್ಗೆ ನೋಡಿದ ಹುಡುಗನಿಗೆ ಸಂಜೆ ಇದನ್ನು ನೋಡಿ ದಿಗಿಲು. ಕೆರೆಯಿಂದ ಹೈಡ್ರಿಲ್ಲಾ ಬಳ್ಳಿ ತಂದು ಹಾಕಿದೆವು. ಅದರ ಎಡೆಯಲ್ಲಿ ಅಡಗಿ ಏಳು ಮರಿ ಉಳಿದವು.

ಗಪ್ಪಿ ಎಂಬುದು ಮನುಷ್ಯರೊಬ್ಬರ ಹೆಸರು. ಟ್ರಿನಿಡಾಡ್ ದ್ವೀಪದಲ್ಲಿದ್ದ ಲೆಚ್ಮಿಯರ್ ಗಪ್ಪಿ ಎಂಬುವರು ಲಂಡನ್ನಿಗೆ ಕಳಿಸಿದ ಮೀನಿಗೆ 1866ರಲ್ಲಿ ಅವರ ಹೆಸರಿಟ್ಟರು. ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತದೆಂದು ಆರೋಗ್ಯ ಇಲಾಖೆಯವರು ಇದನ್ನು ಬಾವಿ, ತೊಟ್ಟಿಗಳಿಗೆ ಬಿಡುವುದುಂಟು. ಹಾಗೆಂದು ಸಾಕಿ ಬೇಸರವಾದ ಮೀನನ್ನು ಹಳ್ಳಕ್ಕೆ ಸುರಿಯಬೇಡಿ. ಅಲ್ಲಿಯ ಸ್ಥಳೀಯ ಮೀನುಗಳ ಮರಿಗಳಿಗೆ ಅದು ಕಂಟಕ.

ಎಂಟು ಕೋಳಿಮರಿಗಳಿಗೂ ಮೊದಲ ವಾರದಲ್ಲೇ ಪಶು ಆಸ್ಪತ್ರೆಯ ಸಲಹೆಯಂತೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿದೆವು, ಕಣ್ಣಿಗೆ ಒಂದೊಂದು ಹನಿ. ಈ ರೋಗ ಬಂದರೆ ಕೇರಿಗೆ ಕೇರಿಯೇ ಖಾಲಿ. ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನೂ ಮಕ್ಕಳಿಗೆ ಅಭ್ಯಾಸ ಮಾಡಿಸಿ.

ಎರಡು ಮರಿಗಳನ್ನು ಹದ್ದು ಒಯ್ದಿತು. ಆರು ಉಳಿದಿವೆ. ಶಾಲೆ ಶುರುವಾಗುವ ಮುನ್ನಾದಿನ ತಂಗಿ, ಮಗ ಇಬ್ಬರೂ ಬಸ್ಸು ಹತ್ತಿದರು. ಮನೆಗೆ ಬಂದು ನೋಡಿದರೆ ಮೀನಿನ ತೊಟ್ಟಿಗೆ ನೋಟ್‌ಬುಕ್ಕಿನ ಹಾಳೆಯೊಂದು ಅಂಟಿತ್ತು: “ಮಾವ, ಬೆಳಿಗ್ಗೆ ಒಂದು ಚಿಟಿಕೆ ಮಾತ್ರ. ಅವು ಕೇಳಿದರೂ ಕೊಡಬೇಡಿ.”