ಹೆಸರಿಲ್ಲದ ಕೂಸಿನ ಪಟ

ಹೋದ ದೀಪಾವಳಿಯ ಮುಂದೆ ಪುಣೆಯ ಜುನಾ ಬಾಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯ ನಡುವೆ, ರಟ್ಟಿಗೆ ಅಂಟಿಸಿದ ಹಳೆಯ ಫೋಟೋ ಒಂದು ಸಿಕ್ಕಿತು. ನಾಲ್ಕು ವರ್ಷದ ಕೂಸು. ಜಡೆಗೆ ಹೂ, ಕೊರಳಲ್ಲಿ ಸರ, ಜರಿಯ ಪರಕಾರ. ಹಿಂದಿನ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಅರಮನೆಯ ಕಂಬ, ಪಕ್ಕದಲ್ಲಿ ಕಟ್ಟಿಗೆಯ ಕುದುರೆ. ಮುಖದಲ್ಲಿ ಮಾತ್ರ ನಗೆಯ ಸುಳಿವಿಲ್ಲ.

ಕ್ಯಾಂಟೀನಿನಲ್ಲಿ ತೋರಿಸಿದಾಗ ತೀರ್ಪಿಗೆ ತಡವಾಗಲಿಲ್ಲ. "ಸರದಾರರ ಮನಿ ಹುಡಿಗಿ," ಅಂದ ಒಬ್ಬ. "ಇಷ್ಟರಾಗ ಮದುವಿ ಗೊತ್ತಾಗಿರಬೇಕು, ಅದಕ್ಕ ಮಾರಿ ಹಂಗದ," ಅಂದಳು ಇನ್ನೊಬ್ಬಳು. ನಾನೂ ತಲೆದೂಗಿದೆ.

ರಜೆಗೆ ಧಾರವಾಡಕ್ಕೆ ಹೋದಾಗ ಅಜ್ಜಿಗೆ ಅದನ್ನು ತೋರಿಸಿದೆ. ಆಕೆ ನಕ್ಕು ಟ್ರಂಕಿನಿಂದ ಅಂಥದೇ ಇನ್ನೊಂದು ಪಟ ತೆಗೆದಳು.

"ಈ ಹುಡಿಗಿ ಯಾರು ಹೇಳು?"

"ಯಾರೋ, ಗೊತ್ತಿಲ್ಲ."

"ಹುಡಿಗಿ ಎಲ್ಲೀದೋ, ನಿಮ್ಮ ಅಜ್ಜಾರು! ಜವಳ ತಗಸೂಕಿಂತ ಮೊದಲ ಜಡಿ ಹಾಕಿ, ಹೂ ಮುಡಿಸಿ ಪಟಾ ತಗಸಿದ್ರಂತ. ಆ ಸರಾನೂ ಮಗ್ಗಲಮನಿಯವರದು."

ಹಾಗಾದರೆ ಕ್ಯಾಂಟೀನಿನಲ್ಲಿ ನಾವು ಓದಿದ್ದೇನು? ಅರಮನೆ ಸ್ಟುಡಿಯೋದವನದು, ಕುದುರೆಯೂ ಅವನದೇ. ಒಡವೆ ಎರವಲಿನದಿರಬಹುದು, ಹುಡುಗಿ ಹುಡುಗನಿರಬಹುದು. ಆ 'ದುಃಖ'ವೂ ಅಷ್ಟೆ: ಹಳೆಯ ಪ್ಲೇಟುಗಳ ಕಾಲಕ್ಕೆ ಕೂಸು ಕೆಲವು ಕ್ಷಣ ಅಲುಗಾಡದೆ ಕೂಡಬೇಕಾಗುತ್ತಿತ್ತು. ಗದರಿಸಿ ಕೂಡಿಸಿದರೆ ಯಾವ ಕೂಸು ನಕ್ಕೀತು?

ವಾಲ್ಟರ್ ಬೆಂಜಮಿನ್ 1931ರಲ್ಲಿ ಫೋಟೋಗ್ರಫಿಯ ಚರಿತ್ರೆಯನ್ನು ಕುರಿತು ಬರೆಯುತ್ತ ಕಾಫ್ಕಾನ ಬಾಲ್ಯದ ಸ್ಟುಡಿಯೋ ಪಟವೊಂದನ್ನು ಓದುತ್ತಾನೆ. ಅಲಂಕಾರದ ಗಿಡಗಳು, ಬಿಗಿಯಾದ ಉಡುಪು, ಕೈಯಲ್ಲಿ ದೊಡ್ಡ ಹ್ಯಾಟು, ಇವೆಲ್ಲವನ್ನೂ ಮೀರಿದ ದುಃಖದ ಕಣ್ಣು. ಒಳ್ಳೆಯ ಓದೇ ಸರಿ. ಆದರೆ ಆ ಹುಡುಗ ಕಾಫ್ಕಾ ಎಂದು ಗೊತ್ತಿರದಿದ್ದರೆ ಆ ಕಣ್ಣು ಅಷ್ಟು ಆಳವಾಗಿ ಕಾಣುತ್ತಿತ್ತೇ?

ನನ್ನ ಅಭಿಪ್ರಾಯ ಇಷ್ಟು: ಇಂಥ ಪಟ ಮೊದಲು ಹೇಳುವುದು ಹಿರಿಯರ ಆಸೆಯನ್ನು. ಕೂಸಿನ ಮಾತು ಹೇಳಬೇಕಾದರೆ ಅದನ್ನು ಬಲ್ಲವರೊಬ್ಬರು ಬೇಕು. ಅವರು ಹೋದರೆ ನಮ್ಮ ಕಲ್ಪನೆಯೇ ಅದರ ಚರಿತ್ರೆಯಾಗಿಬಿಡುತ್ತದೆ.

ಇದೇ ಪುಣೆಯಲ್ಲಿ ದಿನಕರ ಕೇಳಕರರು ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿ, 1975ರಲ್ಲಿ ಸರಕಾರಕ್ಕೆ ಒಪ್ಪಿಸಿದರು. ಆ ಹುಡುಗನ ಹೆಸರು ಇನ್ನೂ ಬಾಗಿಲ ಮೇಲಿದೆ. ನಮ್ಮಿಂದ ಅಷ್ಟಾಗಲಿಕ್ಕಿಲ್ಲ. ಆದರೆ ಗೆಳೆಯರೇ, ಈ ರಜೆಯಲ್ಲಿ ಮನೆಯ ಟ್ರಂಕು ತೆಗೆಯಿರಿ. ಅಜ್ಜಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಒಂದೊಂದು ಪಟದ ಹಿಂದೂ ಪೆನ್ಸಿಲಿನಿಂದ ಹೆಸರು ಬರೆಯಿರಿ.

ಜುನಾ ಬಾಜಾರಿನ ಆ ಕೂಸು ಈಗ ನನ್ನ ಮೇಜಿನ ಮೇಲಿದೆ. ಹುಡುಗನೋ ಹುಡುಗಿಯೋ ಅಂತ ಯಾರಾದರೂ ಕೇಳಿದರೆ, ಗೊತ್ತಿಲ್ಲ ಅಂತೇನೆ.