ಬೇಲಿಯ ಮೇಲಿನ ದೂರು

ನಲ್ಲಿಯ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಹೃದಯಾಘಾತವಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಪೈಪಿಗೆ ಜೀವವಿಲ್ಲ, ರಕ್ತನಾಳಕ್ಕಿದೆ. ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಕಣಗಳು ಅದರ ಗೋಡೆಯೊಳಗೆ ಸಿಕ್ಕಿಕೊಂಡು ಕೆಟ್ಟಾಗ, ಒಳಪದರದ ಜೀವಕೋಶಗಳು ಹರಿಯುವ ರಕ್ತದಿಂದ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಹಿಡಿದು ನಿಲ್ಲಿಸಿ ಒಳಗೆ ಬಿಟ್ಟುಕೊಳ್ಳುತ್ತವೆ. ಅಲ್ಲಿ ಅವು ಮ್ಯಾಕ್ರೋಫೇಜ್‌ಗಳಾಗಿ ಕೊಬ್ಬನ್ನು ನುಂಗುತ್ತವೆ; ನುಂಗಿ ನುಂಗಿ ನೊರೆಕೋಶಗಳಾಗಿ ಅಲ್ಲೇ ಸಾಯುತ್ತವೆ. ಸತ್ತವನ್ನು ಎತ್ತಲು ಬಂದವೂ ಸಾಯುತ್ತವೆ. ರೋಗನಿರೋಧಕ ಟಿ ಕೋಶಗಳೂ ಸೇರಿ ಉರಿಯೂತದ ಕಿಚ್ಚು ಏರುತ್ತದೆ. ಮ್ಯಾಕ್ರೋಫೇಜ್‌ಗಳ ಕಿಣ್ವಗಳು ಕೊಬ್ಬಿನ ಗಂಟಿನ ಮುಚ್ಚಳವನ್ನು ಸವೆಸುತ್ತವೆ. ಅದು ಹರಿದರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ.

ಹಾಗಾದರೆ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೆಂಬ ಬೇಲಿಯೇ ಎದ್ದು ಹೊಲ ಮೇಯಿತೇ?

ಹೌದೆನ್ನುವವರ ಕೈಯಲ್ಲಿ ಬಲವಾದ ಸಾಕ್ಷ್ಯವಿದೆ. ರಕ್ತನಾಳದ ಈ ರೋಗ ಉರಿಯೂತವೆಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 19ನೇ ಶತಮಾನದಲ್ಲೇ ಹೇಳಿದ್ದ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗ ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿತು. ಹಿಂದೆ ಹೃದಯಾಘಾತವಾಗಿದ್ದ 10,061 ಮಂದಿಯಲ್ಲಿ ಹಲವರಿಗೆ, ಉರಿಯೂತದ ಸಂದೇಶವೊಂದನ್ನು ತಡೆಯುವ ಕ್ಯಾನಕಿನುಮ್ಯಾಬ್ ಕೊಟ್ಟರು. ಎಲ್‌ಡಿಎಲ್ ಇಳಿಯಲಿಲ್ಲ, ಆದರೂ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ. 15ರಷ್ಟು ತಗ್ಗಿದವು.

ಅದೇ ಪ್ರಯೋಗ ಇನ್ನೊಂದು ಮಾತನ್ನೂ ಹೇಳಿತು. ಔಷಧ ಪಡೆದವರಲ್ಲಿ ಸೋಂಕಿನಿಂದ ಸತ್ತವರು ಹೆಚ್ಚಿದ್ದರು. ಒಟ್ಟು ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇಲಿಯನ್ನು ಸಡಿಲಿಸಿದರೆ ಬೀದಿಯ ದನ ನುಗ್ಗುತ್ತವೆ. ನಮ್ಮ ನಿಜವಾದ ಬೇಲಿಗಳಲ್ಲೇ ಹಬ್ಬಿ ಅರಳುವ ವಿಷಯುಕ್ತ ಗೌರಿ ಹೂವಿನ ಗಿಡದಲ್ಲೂ ಇರುವ ಕಾಲ್ಚಿಸಿನ್‌ನ ಕಥೆಯೂ ಸರಳವಲ್ಲ. ಗೌಟ್ ಎಂಬ ಕೀಲುರೋಗದ ಈ ಹಳೆಯ ಔಷಧ ಸಣ್ಣ ಪ್ರಮಾಣದಲ್ಲಿ ಹೃದಯಕ್ಕೆ ನೆರವಾಗುತ್ತದೆಂದು 2020ರ ಪ್ರಯೋಗ ತೋರಿಸಿತು. ಆದರೆ ಹೃದಯಾಘಾತವಾದ ಕೂಡಲೇ ಕೊಟ್ಟರೆ ಪ್ರಯೋಜನ ಕಾಣಲಿಲ್ಲವೆಂದು 2024ರ ದೊಡ್ಡ ಪ್ರಯೋಗ ಹೇಳಿತು.

ಗಾದೆಯ ಬೇಲಿಗೆ ದುರಾಸೆಯಿತ್ತು. ಮ್ಯಾಕ್ರೋಫೇಜ್‌ಗೆ ಅದಿಲ್ಲ, ಮುಗಿಯದ ಕೆಲಸವಷ್ಟೇ ಇದೆ. ಎಲ್‌ಡಿಎಲ್ ಚೆನ್ನಾಗಿ ಇಳಿಸಿದವರ ನಾಳಗಳಲ್ಲಿ ಗಂಟು ತುಸು ಕುಗ್ಗಿ, ಮುಚ್ಚಳ ದಪ್ಪವಾಗುವುದನ್ನು ಒಳಗಿನಿಂದ ತೆಗೆದ ಚಿತ್ರಗಳು ತೋರಿಸಿವೆ. ಹೊರೆ ಇಳಿದರೆ ಕಿಚ್ಚೂ ಇಳಿಯುತ್ತದೆ. ಉರಿಯೂತ ತಡೆಯುವ ಔಷಧಕ್ಕೆ ಜಾಗವಿದೆ, ಆದರೆ ಅದು ಎರಡನೆಯ ಸಾಲಿನಲ್ಲಿ. ಮೊದಲು ಇಳಿಯಬೇಕಾದದ್ದು ಎಲ್‌ಡಿಎಲ್, ರಕ್ತದೊತ್ತಡ, ಸಕ್ಕರೆ; ಬಿಡಬೇಕಾದದ್ದು ಬೀಡಿ, ಸಿಗರೇಟು.